ಅಪ್‌ಡೇಟ್: ಡೆಕ್ಸ್ಟ್ರಾನ್‌ಸುಕ್ರೇಸ್‌ನ ಅಂಟು ಬಿಟ್ಟಿತು

ಹಿಂದೆ ಕೇಳಿದ್ದು ಇಷ್ಟು: ತೀರ್ಥಹಳ್ಳಿ ಕಡೆಯ ಆಲೆಮನೆಯ ಕಬ್ಬಿನ ಹಾಲಿನಿಂದ ಬೇರ್ಪಡಿಸಿದ ಲ್ಯೂಕೊನಾಸ್ಟಾಕ್ ಬ್ಯಾಕ್ಟೀರಿಯಾದ ಡೆಕ್ಸ್ಟ್ರಾನ್‌ಸುಕ್ರೇಸ್ ಕಿಣ್ವವನ್ನು ಶುದ್ಧಮಾಡಲು ಅಮೋನಿಯಂ ಸಲ್ಫೇಟ್ ಹಾಕಿದರೆ ಎಲ್ಲ ಲೋಳೆಯಾಗಿ ಶುದ್ಧೀಕರಣದ ಕಾಲಂ ಕಟ್ಟಿಕೊಳ್ಳುತ್ತದೆ, ಏಕೆ?

ಕಾರಣ ಡೆಕ್ಸ್ಟ್ರಾನ್, ಅಂದರೆ ಸುಕ್ರೋಸ್‌ನ ಗ್ಲೂಕೋಸನ್ನು ಜೋಡಿಸಿ ಈ ಕಿಣ್ವ ಕಟ್ಟುವ ಅಂಟು ಪಾಲಿಮರ್. ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಸುಕ್ರೋಸ್ ಇದ್ದರೆ ಮಾತ್ರ ಕಿಣ್ವವನ್ನು ಚೆನ್ನಾಗಿ ಹೊರಬಿಡುತ್ತದೆ. ಹೊರಬಂದ ಕಿಣ್ವ ಅಲ್ಲೇ ಡೆಕ್ಸ್ಟ್ರಾನ್ ಹೆಣೆದು ಅದಕ್ಕೇ ಅಂಟಿಕೊಳ್ಳುತ್ತದೆ.

ಈಗ ಮಾಧ್ಯಮದಲ್ಲಿ ಸುಕ್ರೋಸ್ 2% ಮಾತ್ರ. ಪಿಎಚ್ 5ರ ಹತ್ತಿರ ಇಳಿದ ಕೂಡಲೇ ಕಲ್ಚರ್ ನಿಲ್ಲಿಸಿ, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್. ತಿಳಿಗೆ ತಣ್ಣನೆಯ ಪಿಇಜಿ-400 (ಪ್ರೋಟೀನನ್ನು ಗಸಿಯಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್) ಅನ್ನು 33% ಆಗುವವರೆಗೆ ನಿಧಾನವಾಗಿ ಬೆರೆಸಿ ರಾತ್ರಿಯಿಡೀ ಬಿಡುವುದು. ಗಸಿಯನ್ನು 20 ಮಿಲಿಮೋಲಾರ್ ಸೋಡಿಯಂ ಅಸಿಟೇಟ್‌ನಲ್ಲಿ, ಪಿಎಚ್ 5.4ರಲ್ಲಿ, ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ಕರಗಿಸಬೇಕು. ಫಾಸ್ಫೇಟ್ ಬಫರ್ ಬೇಡ, ಕ್ಯಾಲ್ಸಿಯಂ ಕೈಬಿಟ್ಟು ಹೋಗುತ್ತದೆ. ಉಳಿದ ಅಂಟಿಗೆ ಡೆಕ್ಸ್ಟ್ರಾನ್ ಒಡೆಯುವ ಡೆಕ್ಸ್ಟ್ರಾನೇಸ್ ಹಾಕಬಹುದು, ಆದರೆ ಜೆಲ್ ಫಿಲ್ಟ್ರೇಶನ್‌ನಲ್ಲಿ ಅದನ್ನು ಪೂರ್ತಿ ತೆಗೆಯದಿದ್ದರೆ ಮುಂದೆ ಕಿಣ್ವ ಕಟ್ಟಿದ್ದನ್ನೆಲ್ಲ ಅದು ತಿಂದುಹಾಕುತ್ತದೆ.

ಬಿಡುಗಡೆಯಾದ ಸಕ್ಕರೆಯನ್ನು ಬಣ್ಣದಿಂದ ಅಳೆಯುವ ಡಿಎನ್‌ಎಸ್ ಪರೀಕ್ಷೆಯ ಅಂಕಿಯೊಂದನ್ನೇ ನಂಬಬೇಡಿ. ಸುಕ್ರೋಸನ್ನು ಬರೀ ಒಡೆಯುವ ಇನ್ವರ್ಟೇಸ್ ಇದ್ದರೂ ಬಣ್ಣ ಬರುತ್ತದೆ. ಗ್ಲೂಕೋಸ್ ಆಕ್ಸಿಡೇಸ್‌ನಿಂದ ಗ್ಲೂಕೋಸನ್ನು ಬೇರೆಯಾಗಿ ಅಳೆಯಿರಿ: ಫ್ರಕ್ಟೋಸ್ ಹೆಚ್ಚಿ ಗ್ಲೂಕೋಸ್ ಬಹಳ ಕಡಿಮೆಯಿದ್ದರೆ ಪಾಲಿಮರ್ ಕಟ್ಟುವ ಕೆಲಸ ನಡೆದಿದೆ, ಎರಡೂ ಸಮವಾದರೆ ಅದು ಬರೀ ಒಡೆಯುವಿಕೆ.

ನನಗೆ ಹೆಚ್ಚು ನಂಬಿಕೆ ಪ್ರೋಟೀನನ್ನು ಗಾತ್ರದಂತೆ ಬೇರ್ಪಡಿಸುವ ಎಸ್‌ಡಿಎಸ್ ಜೆಲ್ ಮೇಲೆಯೇ. ಮಾದರಿಯನ್ನು ಕುದಿಸದೆ ಓಡಿಸಿ, ಟ್ರೈಟಾನ್ ಮಾರ್ಜಕದಲ್ಲಿ ಎಸ್‌ಡಿಎಸ್ ತೊಳೆದು, 5% ಸುಕ್ರೋಸ್‌ನಲ್ಲಿ 30 ಡಿಗ್ರಿಗೆ ಇಟ್ಟು, ಸಕ್ಕರೆ ಪಾಲಿಮರ್‌ಗೆ ಹತ್ತುವ ಪೀರಿಯಾಡಿಕ್ ಆಮ್ಲ–ಶಿಫ್ ಬಣ್ಣ ಹಾಕಿದರೆ 180 ಕಿಲೋಡಾಲ್ಟನ್ ಆಸುಪಾಸು ನೇರಳೆಗೆಂಪು ಪಟ್ಟಿ. ರಾಫಿನೋಸ್‌ನಲ್ಲಿಟ್ಟ ತುಂಡಿನಲ್ಲಿ ಆ ಪಟ್ಟಿ ಇಲ್ಲ, ಹಾಗಾಗಿ ರಾಫಿನೋಸ್‌ನಿಂದಲೂ ಪಾಲಿಮರ್ ಕಟ್ಟುವ ಲೆವಾನ್‌ಸುಕ್ರೇಸ್ ಎಂಬ ಇನ್ನೊಂದು ಕಿಣ್ವದ ಅನುಮಾನ ಬೇಡ.