ಅಪ್‌ಡೇಟ್: ಮಗಳ ಕೆನ್ನೆಯ ಸೀಳಿಗೆ ಆಪರೇಷನ್ ಆಯಿತು

ಬಾಯಿಯ ಬಲ ಮೂಲೆಯಿಂದ ಕೆನ್ನೆಯ ಕಡೆಗೆ ಸೀಳು ಇದ್ದ ಮಗಳಿಗೆ ಯಾವಾಗ ಆಪರೇಷನ್ ಮಾಡಿಸೋದು ಎಂದು ಕೇಳಿದ್ದೆನಲ್ಲ, ಹೋದ ತಿಂಗಳು ಆಯಿತು. ಪುಟ್ಟಿ ಚೆನ್ನಾಗಿದ್ದಾಳೆ.

ಇದು ಮಾಮೂಲಿ ಸೀಳುತುಟಿ ಅಲ್ಲ. ಫ್ರಾನ್ಸಿನ ಸರ್ಜನ್ ಪಾಲ್ ಟೆಸಿಯರ್ 1976ರಲ್ಲಿ ಮುಖದ ಸೀಳುಗಳಿಗೆ 0ಯಿಂದ 14ರವರೆಗೆ ನಂಬರ್ ಕೊಟ್ಟರು. ನಮ್ಮವಳದ್ದು 7. ಇದರ ಜೊತೆ ಕಿವಿ, ದವಡೆಯ ತೊಂದರೆಯೂ ಇರಬಹುದು. ಅದಕ್ಕೇ ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಕೇಳಿಸುತ್ತದೆ, ನಮ್ಮ ಪುಣ್ಯ.

ಮೊದಲು ತೋರಿಸಿದ ಡಾಕ್ಟರೊಬ್ಬರು ಚರ್ಮ ಹೊಲಿದರೆ ಸಾಕು ಎಂದಿದ್ದರು. ಒಪ್ಪದೇ ಇದ್ದದ್ದು ಒಳ್ಳೆಯದಾಯಿತು. ಬಾಯಿಯ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇದೆ. ಸೀಳಿನ ಕಡೆ ಅದು ಕೂಡಿರುವುದಿಲ್ಲ. ಅದನ್ನು ಸೇರಿಸದಿದ್ದರೆ ನಕ್ಕಾಗ, ಅತ್ತಾಗ ಬಾಯಿ ಸೊಟ್ಟಗಾಗುತ್ತದೆ. ಸರ್ಜನ್ ಅವಳ ಫೋಟೋದಲ್ಲಿ ಎಡಗಡೆ ತುಟಿ ಅಳೆದು, ಬಲಗಡೆ ಅಷ್ಟೇ ದೂರಕ್ಕೆ ನೀಲಿ ಪೆನ್ನಿನಿಂದ ಚುಕ್ಕೆ ಇಟ್ಟರು. "ಹೊಸ ಮೂಲೆ ಇಲ್ಲಿ ಬರುತ್ತೆ ನೋಡಮ್ಮ" ಎಂದರು. ಚರ್ಮವನ್ನು ಝಡ್ ಅಕ್ಷರದ ಹಾಗೆ ಅಂಕುಡೊಂಕಾಗಿ ಹೊಲಿದಿದ್ದಾರೆ. ನೇರ ಗೆರೆಯ ಕಲೆ ಮಾಗುತ್ತಾ ಬಿಗಿದು ಮೂಲೆಯನ್ನು ಕಿವಿಯ ಕಡೆ ಎಳೆಯಬಹುದಂತೆ.

ಜಾಸ್ತಿ ಕಷ್ಟವಾಗಿದ್ದು ಅವತ್ತು ಬೆಳಗ್ಗೆ. ಆಪರೇಷನ್‌ಗೆ ನಾಲ್ಕು ತಾಸು ಮುಂಚೆಯೇ ಎದೆಹಾಲು ನಿಲ್ಲಿಸಬೇಕಿತ್ತು. ಅವಳು ನನ್ನ ಸೆರಗು ಹಿಡಿದು ಅಳುತ್ತಿದ್ದಳು.

ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಎಂದು ನನ್ನನ್ನು ಬೈದವರಿದ್ದಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬಸುರಿನ ಮೊದಲ ವಾರಗಳಲ್ಲಿ ಮಗುವಿನ ಮುಖದ ಭಾಗಗಳು ಸರಿಯಾಗಿ ಕೂಡಿಕೊಳ್ಳದೆ ಆಗುವಂಥದ್ದು ಇದು. ತಾಯಿಯ ತಪ್ಪಲ್ಲ.

ನಿನ್ನೆ ರಾಗಿ ಸರಿ ತಿನ್ನಿಸಿದೆ. ಮೊದಲು ಅರ್ಧ ಕೆನ್ನೆಯ ಮೇಲೆ ಸುರಿಯುತ್ತಿತ್ತು. ನಿನ್ನೆ ಬಟ್ಟಲು ಖಾಲಿ, ಕುತ್ತಿಗೆಗೆ ಕಟ್ಟಿದ ಬಟ್ಟೆ ಒಣಗಿಯೇ ಇತ್ತು.