ಮಳೆಗಾಲದ ಶೀತ, ಜ್ವರ: ಎಷ್ಟು ದಿನ ಕಾಯಬಹುದು, ಯಾವಾಗ ಕಾಯಲೇಬಾರದು?

ಮಲ್ಪೆ_ಮಳೆ (ಪ್ರಶ್ನೆ)

ಉಡುಪಿಯಿಂದ. ಮನೆಯಲ್ಲಿ ಬಿಪಿ ಇರುವ 72 ವರ್ಷದ ಅಮ್ಮ, ನಾವಿಬ್ಬರು, 14 ಕೆ.ಜಿ. ತೂಕದ ನಾಲ್ಕು ವರ್ಷದ ಮಗು. ಶಾಲೆ ಶುರುವಾದದ್ದೇ ತಡ, ಒಬ್ಬರ ಶೀತ ಇಳಿಯುವಾಗ ಇನ್ನೊಬ್ಬರದ್ದು ಏರುತ್ತದೆ. ಕೇಳುವುದು ಇಷ್ಟು: ಶರೀರ ಇದನ್ನು ತಾನಾಗಿ ಹೇಗೆ ವಾಸಿ ಮಾಡಿಕೊಳ್ಳುತ್ತದೆ? ಜ್ವರವನ್ನು ಇಳಿಸಬೇಕಾ, ಬಿಡಬೇಕಾ? ಕಫ ಹಸಿರಾದರೆ ಆ್ಯಂಟಿಬಯೋಟಿಕ್ ಬೇಕಾ? ಕಷಾಯ, ಗಂಜಿಯ ಸರಿಯಾದ ಅಳತೆ ಎಂತ? "ಬೆಚ್ಚಗಿರಿ, ನೀರು ಕುಡಿಯಿರಿ" ಎಂಬುದು ಗೊತ್ತುಂಟು, ಅದಕ್ಕಿಂತ ಮುಂದಿನದ್ದು ಹೇಳಿ.

---

ಹಳೇ_ಸ್ಟೆತಸ್ಕೋಪ್

ಶೀತ ಬೇರೆ, ಫ್ಲೂ ಬೇರೆ. ಶೀತಕ್ಕೆ ಮುಖ್ಯ ಕಾರಣ ರೈನೋವೈರಸ್. ಅದರಲ್ಲೇ 150ಕ್ಕೂ ಹೆಚ್ಚು ಬಗೆ ಉಂಟು, ಒಂದನ್ನು ಗೆದ್ದ ಶರೀರಕ್ಕೆ ಇನ್ನೊಂದು ಹೊಸದೇ. ಹಾಗಾಗಿ ಶಾಲೆಗೆ ಹೋಗುವ ಮಗುವಿಗೆ ವರ್ಷದಲ್ಲಿ ಆರೆಂಟು ಸಲ ಶೀತವಾದರೆ ಮಗು "ವೀಕ್" ಎಂದು ಅರ್ಥವಲ್ಲ. ಶೀತ ಮೆಲ್ಲ ಏರುತ್ತದೆ: ಮೊದಲು ಗಂಟಲು ಕೆರೆತ, ಮರುದಿನ ಮೂಗು, ಎರಡು ಮೂರನೆಯ ದಿನಕ್ಕೆ ಜೋರು, ಏಳರಿಂದ ಹತ್ತು ದಿನದಲ್ಲಿ ಇಳಿತ. ಫ್ಲೂ ಹಾಗಲ್ಲ. ಬೆಳಿಗ್ಗೆ ಸರಿಯಿದ್ದವರು ಸಂಜೆಗೆ 102 ಡಿಗ್ರಿ ಜ್ವರ, ಮೈಕೈ ನೋವು, ಒಣ ಕೆಮ್ಮಿನಲ್ಲಿ ಮಲಗಿರುತ್ತಾರೆ.

ಇನ್ನು ಶರೀರದ ಕೆಲಸ. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನು ಬಿಡುತ್ತದೆ. ಅಕ್ಕಪಕ್ಕದ ಕೋಶಗಳಿಗೆ ಅದು ಕೂಗಿ ಹೇಳಿದ ಹಾಗೆ, ಅವು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ಮೂಗಿನೊಳಗಿನ ರಕ್ತನಾಳ ಹಿಗ್ಗಿ ಬಿಳಿರಕ್ತಕಣ ಅಲ್ಲಿಗೆ ಬರುತ್ತದೆ. ಮೂಗು ಕಟ್ಟುವುದು ಬಹುಮಟ್ಟಿಗೆ ಈ ಊತದಿಂದ, ಸಿಂಬಳದಿಂದಲ್ಲ. ಎಷ್ಟು ಸಿಂಬಳ ತೆಗೆದರೂ ಬಿಡದಿರುವುದು ಅದಕ್ಕೇ. ಒಂದು ಮಗ್ಗುಲಿಗೆ ಮಲಗಿದರೆ ಕೆಳಗಿನ ಹೊಳ್ಳೆ ಕಟ್ಟುತ್ತದೆ, ಮೇಲಿನದ್ದು ಬಿಡುತ್ತದೆ. ಎರಡೂ ಕಟ್ಟಿದರೆ ತಲೆದಿಂಬು ಎತ್ತರಿಸಿ. ನಿರ್ದಿಷ್ಟ ವೈರಸ್ಸಿಗೇ ಹೊಂದುವ ಟಿ-ಕೋಶ (ಒಂದು ಬಗೆಯ ಬಿಳಿರಕ್ತಕಣ) ಮತ್ತು ಪ್ರತಿಕಾಯ ತಯಾರಾಗಲು ಐದಾರು ದಿನ ಬೇಕು. "ಮದ್ದು ತಿಂದರೆ ಏಳು ದಿನ, ತಿನ್ನದಿದ್ದರೆ ಒಂದು ವಾರ" ಎಂದು ನಗುವುದರ ಹಿಂದಿನ ಲೆಕ್ಕ ಇದೇ.

ಹಸಿರು ಕಫಕ್ಕೆ ಹೆದರಬೇಡಿ. ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣದೊಳಗೆ ಹಸಿರು ಬಣ್ಣದ ಕಿಣ್ವ ಉಂಟು, ಅವು ಸತ್ತು ಕಫದಲ್ಲಿ ಸೇರಿದಾಗ ಆ ಬಣ್ಣ. ಬಣ್ಣ ನೋಡಿ ಆ್ಯಂಟಿಬಯೋಟಿಕ್ ಕೊಡುವುದಿಲ್ಲ, ವೈರಸ್ಸಿಗೆ ಅದು ತಾಗುವುದೂ ಇಲ್ಲ. ಹತ್ತು ದಿನ ದಾಟಿದರೂ ಮೂಗಿನದ್ದು ಸ್ವಲ್ಪವೂ ಇಳಿಯದಿದ್ದರೆ, ಅಥವಾ ಇಳಿದು ಮತ್ತೆ ಜ್ವರ, ಮುಖದ ಒಂದೇ ಬದಿ ನೋವು ಬಂದರೆ ಆಗ ಬ್ಯಾಕ್ಟೀರಿಯಾದ ಮಾತು. ಕೆಮ್ಮು ಮಾತ್ರ ಎರಡು ಮೂರು ವಾರ ಎಳೆಯಬಹುದು. ಕಿತ್ತುಹೋದ ಶ್ವಾಸನಾಳದ ಒಳಪದರ ಮತ್ತೆ ಬೆಳೆಯುವ ತನಕ ತಣ್ಣನೆ ಗಾಳಿ ತಾಗಿದರೂ ಕೆಮ್ಮು.

ಜ್ವರದ ವಿಷಯ. ಮೆದುಳಿನ ಹೈಪೊಥಲಾಮಸ್ ಶರೀರದ ಉಷ್ಣತೆಯ ಗುರಿಯನ್ನೇ ಮೇಲೇರಿಸುತ್ತದೆ. ಗುರಿ 102ಕ್ಕೆ ಏರಿ ಮೈ ಇನ್ನೂ 99ರಲ್ಲಿದ್ದರೆ ಚಳಿ, ನಡುಕ. ಆಗ ಕಂಬಳಿ ಕೊಡಿ. ಗುರಿ ಇಳಿದಾಗ ಬೆವರು, ಆಗ ಕಂಬಳಿ ತೆಗೆಯಿರಿ. ನಮ್ಮಲ್ಲಿ ಇದು ಉಲ್ಟಾ ನಡೆಯುತ್ತದೆ: ನಡುಗುವ ಮಗುವಿಗೆ ತಣ್ಣೀರು ಬಟ್ಟೆ, ಬೆವರುವ ಮಗುವಿಗೆ ಸ್ವೆಟರ್. ತಣ್ಣೀರಿನಿಂದ ನಡುಕ ಹೆಚ್ಚಾಗಿ ಶರೀರ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಒರೆಸುವುದಾದರೆ ಉಗುರುಬೆಚ್ಚಗಿನ ನೀರು. ಹಾಗೆಂದು ಜ್ವರ ಪುಕ್ಕಟೆಯಲ್ಲ, ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶರೀರದ ಖರ್ಚು ಸುಮಾರು ಶೇ. 10 ಹೆಚ್ಚು. ಆಡಿಕೊಂಡು, ಕುಡಿದುಕೊಂಡು ಇರುವ ಮಗುವಿನ 101ನ್ನು ಇಳಿಸಲೇಬೇಕೆಂದಿಲ್ಲ. ನೋವಿನಿಂದ ನಿದ್ರೆ, ಊಟ ಬಿಟ್ಟಿದ್ದರೆ ಇಳಿಸಿ. ಅಮ್ಮನ ಪ್ರಾಯದವರಿಗೆ ಫ್ಲೂ ಎಂದು ಅನುಮಾನವಾದರೆ ಕಾಯಬೇಡಿ. ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯಲ್ಲಿ ಶುರುವಾದರೆ ಹೆಚ್ಚು ಪ್ರಯೋಜನ, ಅದನ್ನು ವೈದ್ಯರೇ ಬರೆಯಬೇಕು.

---

ಮಾತ್ರೆ_ಲೆಕ್ಕ

ಮೇಲಿನವರು ಬಿಟ್ಟದ್ದು ಅಳತೆ. ಅಂಗಡಿ ಕೌಂಟರಿನಲ್ಲಿ ತಪ್ಪುವುದೂ ಅಲ್ಲೇ.

ಮಕ್ಕಳಿಗೆ ಪ್ಯಾರಸಿಟಮಾಲ್ ತೂಕದ ಲೆಕ್ಕ: ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ. 14 ಕೆ.ಜಿ.ಗೆ 210 ಮಿ.ಗ್ರಾಂ. ಬಾಟಲಿಯಲ್ಲಿ "5 ಮಿ.ಲೀ.ಗೆ 250" ಎಂದಿದ್ದರೆ ಸುಮಾರು 4 ಮಿ.ಲೀ., "5 ಮಿ.ಲೀ.ಗೆ 120" ಎಂದಿದ್ದರೆ ಸುಮಾರು 8.5 ಮಿ.ಲೀ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಶಿಶುಗಳ ಡ್ರಾಪ್ಸ್ 1 ಮಿ.ಲೀ.ಗೇ 100 ಮಿ.ಗ್ರಾಂ. ಇರುತ್ತದೆ. ಅದನ್ನು ಸಿರಪ್ಪಿನ ಮುಚ್ಚಳದಲ್ಲಿ ಅಳೆದು ಕೊಟ್ಟರೆ ಮಗುವಿಗೆ ಎರಡರಿಂದ ನಾಲ್ಕು ಪಟ್ಟು ಹೋಗುತ್ತದೆ. ಅಡುಗೆ ಮನೆಯ ಚಮಚದಲ್ಲಿ ಅಳೆಯಲೇಬೇಡಿ.

ದೊಡ್ಡವರಿಗೆ 500 ಅಥವಾ 650, ಆರು ಗಂಟೆ ಬಿಟ್ಟು. ದಿನಕ್ಕೆ 3 ಗ್ರಾಂ ಒಳಗೆ ನಿಲ್ಲಿಸಿದರೆ ಕ್ಷೇಮ. ಎಡವಟ್ಟು ಆಗುವುದು ಹೀಗೆ: ಶೀತದ ಮಾತ್ರೆ ಎಂದು ಕೊಳ್ಳುವ ಹೆಚ್ಚಿನವುಗಳಲ್ಲಿ ಪ್ಯಾರಸಿಟಮಾಲ್ ಮೊದಲೇ ಸೇರಿರುತ್ತದೆ. ಜ್ವರಕ್ಕೆ ಒಂದು, ಶೀತಕ್ಕೆ ಇನ್ನೊಂದು ಎಂದು ನುಂಗಿದರೆ ಡೋಸ್ ದುಪ್ಪಟ್ಟು, ಪೆಟ್ಟು ಲಿವರಿಗೆ. ಆ ಮಾತ್ರೆಗಳಲ್ಲಿರುವ ಫೆನೈಲೆಫ್ರಿನ್ ನುಂಗಿದರೆ ಮೂಗು ಬಿಡುವುದಿಲ್ಲ ಎಂದು ಅಮೆರಿಕದ ಎಫ್‌ಡಿಎ (ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ) ತಜ್ಞರ ಸಮಿತಿ 2023ರಲ್ಲಿ ಹೇಳಿಯಾಗಿದೆ. ಫೆನೈಲೆಫ್ರಿನ್ ಮತ್ತು ಕ್ಲೋರ್‌ಫೆನಿರಮಿನ್ (ಅಲರ್ಜಿಯ ಮದ್ದು) ಕೂಡಿದ ಶೀತದ ಸಿರಪ್ಪನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನಲ್ಲಿ ಮುದ್ರಿಸಲು ನಮ್ಮ ಕೇಂದ್ರ ಔಷಧ ನಿಯಂತ್ರಕರೂ ಅದೇ ವರ್ಷ ಸೂಚಿಸಿದರು.

ಮೂಗಿಗೆ ಬಿಡುವ ಡ್ರಾಪ್ಸ್ (ಆಕ್ಸಿಮೆಟಾಜೊಲಿನ್, ಜೈಲೊಮೆಟಾಜೊಲಿನ್) ಮೂರರಿಂದ ಐದು ದಿನ ಮಾತ್ರ. ಆಮೇಲೆ ಡ್ರಾಪ್ಸ್ ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಜೋರು ಕಟ್ಟುತ್ತದೆ, ಜನ ಅದಕ್ಕೆ ಮತ್ತೆ ಡ್ರಾಪ್ಸ್ ಹಾಕುತ್ತಾರೆ. ಬಿಪಿ ಇರುವ ಅಮ್ಮನವರಿಗೆ ಕೇಳದೆ ಬೇಡ.

---

ಗಂಜಿ_ಉಪ್ಪಿನಕಾಯಿ

ಕಷಾಯ ವೈರಸ್ಸನ್ನು ಕೊಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಬಿಸಿ ದ್ರವ ಗಂಟಲಿಗೆ ಹಿತ, ಕಾಳುಮೆಣಸು ಮೂಗಲ್ಲಿ ನೀರು ತರಿಸಿ ಕಫ ತೆಳು ಮಾಡುತ್ತದೆ, ನೀರು ಕುಡಿಯದವರೂ ಅದನ್ನು ಕುಡಿಯುತ್ತಾರೆ. ಅಷ್ಟು ಸಾಕಲ್ಲ?

ಪುಡಿಗೆ: ಕೊತ್ತಂಬರಿ 100 ಗ್ರಾಂ, ಜೀರಿಗೆ 50, ಕಾಳುಮೆಣಸು 10, ಒಣಶುಂಠಿ 10, ಮೆಂತ್ಯ 5. ಸಣ್ಣ ಉರಿಯಲ್ಲಿ ಬೇರೆ ಬೇರೆ ಹುರಿಯಿರಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿಗೆ ಪರಿಮಳ ಬರುವ ಮೊದಲೇ ಮೆಂತ್ಯ ಕಪ್ಪಾಗಿ ಇಡೀ ಪುಡಿ ಕಹಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಲ್ಲಿ ಮಾಡಿದರೆ ಆಟಿ ತಿಂಗಳ (ಜೋರು ಮಳೆಗಾಲದ) ಹವೆಗೆ ಎರಡೇ ವಾರದಲ್ಲಿ ಗಂಟುಕಟ್ಟಿ ಬೂಸು ಬರುತ್ತದೆ. ಒಂದೂವರೆ ಲೋಟ ನೀರಿಗೆ 1 ಚಮಚ ಪುಡಿ, ನೆಲ್ಲಿಕಾಯಿ ಗಾತ್ರದ ಬೆಲ್ಲ, ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿ. ಹಾಲು ಬೇಕಾದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ, ಬೆಲ್ಲದೊಟ್ಟಿಗೆ ಕುದಿಸಿದರೆ ಒಡೆಯುತ್ತದೆ. ದಿನಕ್ಕೆ ಎರಡು ಲೋಟ. ಮೆಣಸು ಜಾಸ್ತಿ ಹಾಕಿ ನಾಲ್ಕೈದು ಸಲ ಕುಡಿದರೆ ಶೀತ ಹೋಗಿ ಹೊಟ್ಟೆ ಉರಿ ಉಳಿದೀತು. ಅಮ್ಮನ ಕಷಾಯಕ್ಕೆ ಜ್ಯೇಷ್ಠಮಧು ಬೇಡ, ಅದು ಬಿಪಿ ಏರಿಸುತ್ತದೆ, ಪೊಟಾಶಿಯಂ ಇಳಿಸುತ್ತದೆ.

ಗಂಜಿಗೆ ಒಂದು ಪಾವು ಕುಚ್ಚಲಕ್ಕಿಗೆ ಎಂಟು ಪಾವು ನೀರು. ಕುಕ್ಕರಿನಲ್ಲಿ ಒಂದು ಸೀಟಿ ಬಂದ ಮೇಲೆ ಉರಿ ಆರಿಸಿ ತಾನಾಗಿ ಇಳಿಯಲು ಬಿಡಿ. ತೆರೆದು ಮತ್ತೆ ಹತ್ತು ನಿಮಿಷ ಕುದಿಸಿ, ಉಪ್ಪು ಹಾಕಿ. ತಿಳಿ ಬಸಿಯಬೇಡಿ, ರೋಗಿಗೆ ಬೇಕಾದದ್ದೇ ಅದು: ನೀರು, ಉಪ್ಪು, ಪಿಷ್ಟ ಒಟ್ಟಿಗೆ. ಒಟ್ಟಿಗೆ ಹುರುಳಿ ಸಾರು ಅಥವಾ ಊರಕೋಳಿ ಸಾರು, ಬಾಯಿಗೆ ರುಚಿಯಾಗುವಷ್ಟು. ಬೊಂಡ (ಎಳನೀರು) ಕುಡಿದರೆ ಶೀತ ಏರುತ್ತದೆ ಎಂಬುದಕ್ಕೆ ಆಧಾರವಿಲ್ಲ, ಜ್ವರ ಇರುವಾಗ ಧಾರಾಳ ಕೊಡಿ. ಮೂತ್ರ ತೆಳು ಹಳದಿ ಇದ್ದರೆ ಕುಡಿದದ್ದು ಸಾಕಾಗಿದೆ ಎಂದು ಲೆಕ್ಕ.

ರಾತ್ರಿ ಕೆಮ್ಮಿಗೆ ಮಗುವಿಗೆ ಮಲಗುವ ಮೊದಲು ಅರ್ಧದಿಂದ ಒಂದು ಚಮಚ ಜೇನು. ಬೇಕಾದರೆ ನಾಲ್ಕು ಸಾಂಬ್ರಾಣಿ ಎಲೆ (ಘಟ್ಟದ ಮೇಲಿನವರ ದೊಡ್ಡಪತ್ರೆ) ಕಾವಲಿಯಲ್ಲಿ ಬಾಡಿಸಿ, ಹಿಂಡಿದ ರಸ ಅರ್ಧ ಚಮಚ ಸೇರಿಸಿ. ಒಂದು ವರ್ಷದೊಳಗಿನ ಶಿಶುವಿಗೆ ಜೇನು ಖಂಡಿತ ಬೇಡ, ಬೊಟುಲಿಸಂ (ನರಗಳನ್ನು ಸೋಲಿಸುವ ವಿಷಬಾಧೆ) ಅಪಾಯ. ಎಣ್ಣೆಗೆ ಕರ್ಪೂರ ಹಾಕಿ ಎಳೆಮಗುವಿನ ಎದೆಗೆ ತಿಕ್ಕುವುದೂ ಬೇಡ. ಕರ್ಪೂರ ಚರ್ಮದಿಂದ ಒಳಗೆ ಹೋಗಿ ಫಿಟ್ಸ್ ತರಬಲ್ಲದು.

---

ಮಲ್ಪೆ_ಮಳೆ

ತುಂಬ ಉಪಕಾರ. ಎರಡು ಸಂಶಯ. ಹಬೆ ತೆಗೆದುಕೊಳ್ಳುವುದು ಸರಿಯಾ? ಮತ್ತೆ ಜಲನೇತಿಗೆ (ಮೂಗಿಗೆ ಉಪ್ಪುನೀರು ಹಾಯಿಸಿ ತೊಳೆಯುವುದಕ್ಕೆ) ನಮ್ಮ ಬಾವಿ ನೀರು ಆಗುತ್ತದಾ? ಒಳ್ಳೆ ಸಿಹಿನೀರು, ಕುಡಿಯುವುದೂ ಅದನ್ನೇ.

---

ಹಳೇ_ಸ್ಟೆತಸ್ಕೋಪ್

ಬಾವಿ ನೀರು ನೇರವಾಗಿ ಮೂಗಿಗೆ ಬೇಡವೇ ಬೇಡ. ಕುಡಿದರೆ ಏನೂ ಮಾಡದ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಹೋದರೆ ಮೆದುಳಿಗೆ ಹತ್ತುತ್ತದೆ. ಅಪರೂಪದ ಕಾಯಿಲೆ, ಆದರೆ ಬಂದವರಲ್ಲಿ ಬದುಕುವವರು ಬಹಳ ಕಡಿಮೆ. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಮೆದುಳಿಗೆ ಅಮೀಬಾ ತಗುಲಿದ ಪ್ರಕರಣಗಳು ಸುದ್ದಿಯಾದದ್ದು ನೆನಪಿರಬೇಕು. ನೀರನ್ನು ಕುದಿ ಬಂದ ಮೇಲೂ ಒಂದೆರಡು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ. ಅರ್ಧ ಲೀಟರಿಗೆ ಮಟ್ಟಸವಾಗಿ ಮುಕ್ಕಾಲು ಚಮಚ (ಸುಮಾರು 4.5 ಗ್ರಾಂ) ಉಪ್ಪು. ಉಪ್ಪು ಕಡಿಮೆಯಾದರೆ ಉರಿಯುವುದು ಜಾಸ್ತಿ, ಏಕೆಂದರೆ ನೀರು ಜೀವಕೋಶದೊಳಕ್ಕೆ ನುಗ್ಗುತ್ತದೆ. ಉಳಿದ ನೀರು ಅದೇ ದಿನ ಚೆಲ್ಲಿ. ಗಂಟಲು ಮುಕ್ಕಳಿಸಲು ಒಂದು ಲೋಟಕ್ಕೆ ಅರ್ಧ ಚಮಚ ಉಪ್ಪು ಸಾಕು.

ಹಬೆಯಿಂದ ಕಾಯಿಲೆಯ ದಿನ ಕಡಿಮೆಯಾಗುವುದಿಲ್ಲ, ಹತ್ತು ನಿಮಿಷ ಮೂಗು ಬಿಡುತ್ತದೆ ಅಷ್ಟೇ. ದೊಡ್ಡವರು ಮೇಜಿನ ಮೇಲೆ ಪಾತ್ರೆ ಇಟ್ಟು ತೆಗೆದುಕೊಳ್ಳಿ. ಮಗುವಿಗೆ ಬೇಡ. ಮಡಿಲಿಗೆ ಮಗುಚಿದ ಕುದಿನೀರಿನ ಗಾಯ ಶೀತಕ್ಕಿಂತ ದೊಡ್ಡದು.

---

ಸ್ಲೈಡ್_ನೋಡುವವ

ಇಷ್ಟೆಲ್ಲ ಹೇಳಿದವರು ನಮ್ಮ ಊರಿನ ದೊಡ್ಡ ವಿಷಯ ಬಿಟ್ಟಿರಿ ಮಾರಾಯ್ರೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಮೂಗು ಸುರಿಯದೆ, ಗಂಟಲು ಕೆರೆಯದೆ ಬಂದ ಜ್ವರಕ್ಕೆ ಕಷಾಯ ಕುಡಿದು ಕಾಯಬಾರದು. ಅದು ಮಲೇರಿಯಾ, ಡೆಂಗಿ, ಇಲಿಜ್ವರ ಏನೂ ಆಗಿರಬಹುದು.

ಮಲೇರಿಯಾ: ಚಳಿ, ಜ್ವರ, ಬೆವರು ಸರದಿಯಲ್ಲಿ. ಮೊದಲ ದಿನವೇ ರಕ್ತದ ಸ್ಲೈಡ್ (ಗಾಜಿನ ಮೇಲೆ ರಕ್ತ ಸವರಿ ನೋಡುವ ಪರೀಕ್ಷೆ) ಕೊಡಿ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡು ಆಸ್ಪತ್ರೆಯೂ ಉಂಟು. ಒಮ್ಮೆ "ನೆಗೆಟಿವ್" ಬಂದು ಜ್ವರ ನಿಲ್ಲದಿದ್ದರೆ ಮರುದಿನ ಮತ್ತೆ ಕೊಡಿ, ಶುರುವಿನಲ್ಲಿ ರಕ್ತದಲ್ಲಿ ಪರಾವಲಂಬಿ ಕಡಿಮೆ ಇದ್ದರೆ ತಪ್ಪಿಹೋಗುತ್ತದೆ. ಹಳೆ ಮಲೇರಿಯಾ ಮಾತ್ರೆ ಮನೆಯಲ್ಲಿದೆ ಎಂದು ಮೊದಲೇ ನುಂಗಿ ಬಂದರೆ ಸ್ಲೈಡಿನಲ್ಲಿ ಏನೂ ಕಾಣಿಸದು.

ಡೆಂಗಿ: ಕಣ್ಣಿನ ಹಿಂದೆ ನೋವು, ಮೈಕೈ ಮುರಿತ, ಕೆಂಪು ಚುಕ್ಕೆ. ಎನ್ಎಸ್1 ಪರೀಕ್ಷೆ ಮೊದಲ ಐದು ದಿನದೊಳಗೆ ನಂಬಿಕಸ್ಥ, ಆಮೇಲೆ ಐಜಿಎಂ (ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ). ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ್ದು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆ. ಗೊತ್ತಾಗುವ ತನಕ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ.

ಇಲಿಜ್ವರ: ಗದ್ದೆ, ತೋಟ, ತೋಡಿನ ನೀರಿಗೆ ಇಳಿದವರಲ್ಲಿ ಒಂದೆರಡು ವಾರದೊಳಗೆ. ಮೀನಖಂಡ ಮುಟ್ಟಲಾಗದ ನೋವು, ಪಿಸುರು (ಪಿಚ್ಚು) ಇಲ್ಲದೆ ಕೆಂಪಾದ ಕಣ್ಣು, ಮೂತ್ರ ಕಡಿಮೆ. ಇದರ ಐಜಿಎಂ ಮೊದಲ ಐದು ದಿನ ಹೆಚ್ಚಾಗಿ ಬರುವುದೇ ಇಲ್ಲ, ರಿಪೋರ್ಟ್ "ನೆಗೆಟಿವ್" ಎಂದು ಸುಮ್ಮನಾಗಬೇಡಿ. ಗದ್ದೆಗೆ ಇಳಿದದ್ದನ್ನು ವೈದ್ಯರಿಗೆ ನೀವೇ ಹೇಳಿ. ಇದು ಬ್ಯಾಕ್ಟೀರಿಯಾ, ಇಲ್ಲಿ ಆ್ಯಂಟಿಬಯೋಟಿಕ್ ಬೇಗ ಶುರುವಾದಷ್ಟು ಒಳ್ಳೆಯದು.

---

ಹಳೇ_ಸ್ಟೆತಸ್ಕೋಪ್

ಇದನ್ನು ಮೊದಲೇ ಬರೆಯಬೇಕಿತ್ತು, ಒಪ್ಪಿದೆ. ಉಸಿರಿನ ಲೆಕ್ಕವೂ ಸೇರಲಿ: ಮಗು ಮಲಗಿರುವಾಗ ಒಂದು ಪೂರ್ತಿ ನಿಮಿಷ ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚು, ಇಲ್ಲವೇ ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ ನ್ಯುಮೋನಿಯಾ ಅನುಮಾನ, ರಾತ್ರಿಯಾದರೂ ಹೊರಡಿ. ಅಮ್ಮನವರಿಗೆ ಜ್ವರ ಇಲ್ಲದೆಯೂ ನ್ಯುಮೋನಿಯಾ ಬರಬಹುದು. ಹೊಸದಾಗಿ ಗಲಿಬಿಲಿ ಮಾತು, ಊಟ ಬಿಡುವುದು, ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗೆ ಇದ್ದರೆ ಕಾಯಬೇಡಿ. ಅವರಿಗೆ ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ.

---

ಮಲ್ಪೆ_ಮಳೆ

ಕೊನೆಯದ್ದು: ಮಗುವನ್ನು ಶಾಲೆಗೆ ಯಾವಾಗ ಕಳಿಸಬಹುದು?

---

ಮಾತ್ರೆ_ಲೆಕ್ಕ

ಪ್ಯಾರಸಿಟಮಾಲ್ ಕೊಡದೆ 24 ಗಂಟೆ ಜ್ವರ ಬಾರದಿದ್ದರೆ ಕಳಿಸಿ. ಬೆಳಿಗ್ಗೆ ಸಿರಪ್ ಕುಡಿಸಿ ಬಸ್ಸು ಹತ್ತಿಸಿದರೆ ಹನ್ನೆರಡು ಗಂಟೆಗೆ ಟೀಚರ ಫೋನು ಬರುತ್ತದೆ. ಮೂಗು ಸೋರುವುದು ನಿಲ್ಲಬೇಕೆಂದು ಕಾದರೆ ಮಾತ್ರ ಮಗು ದಸರಾ ರಜೆಯ ತನಕ ಮನೆಯಲ್ಲೇ.