ಮುಂಭಾಗದ ಗಾಜು ಬದಲಿಸಿದ ಮೇಲೆ ಕಾರನ್ನು ಎಷ್ಟು ಹೊತ್ತು ನಿಲ್ಲಿಸಬೇಕು?

ಪ್ರಶ್ನೆ: ದೂರದಾರಿ

ಎಲ್ಲರಿಗೂ ನಮಸ್ಕಾರ. ಕಲ್ಲು ಸಿಡಿದು ನನ್ನ ಕಾರಿನ ವಿಂಡ್‌ಶೀಲ್ಡಿನಲ್ಲಿ ಆಗಿದ್ದ ಬಿರುಕು ಈಗ ಚಾಲಕನ ಕಣ್ಣಿನ ನೇರಕ್ಕೆ ಹಬ್ಬಿರುವುದರಿಂದ ಇಡೀ ಗಾಜನ್ನು ನಾಳೆ ಬೆಳಿಗ್ಗೆ ಬದಲಿಸಲಿದ್ದಾರೆ. ಗಾಜು ಕೂರಿಸಿದ ಒಂದು ಗಂಟೆಗೆ ಗಾಡಿಯನ್ನು ಕೊಂಡೊಯ್ಯಬಹುದೆಂದು ಕೆಲಸದವರು ಹೇಳುತ್ತಾರೆ. ಒಂದು ದಿನ ಪೂರ್ತಿ ಅದನ್ನು ಅಲುಗಿಸಲೇಬಾರದೆಂದು ಪರಿಚಯದವರೊಬ್ಬರು ಎಚ್ಚರಿಸಿದ್ದಾರೆ. ಅದೇ ಸಂಜೆ ಮನೆಯವರನ್ನೆಲ್ಲ ಕರೆದುಕೊಂಡು ಹೆದ್ದಾರಿಯಲ್ಲಿ ದೂರ ಹೋಗಬೇಕಾಗಿದೆ, ಮಳೆಯೂ ಬರುವಂತಿದೆ. ಯಾರ ಮಾತನ್ನು ನಂಬಬೇಕು? ಒಳಗನ್ನಡಿಯ ಹಿಂದೆ ಲೇನ್ ಗುರುತಿಸುವ ಕ್ಯಾಮೆರಾ ಇದೆ ಎಂಬುದನ್ನೂ ತಿಳಿಸುತ್ತಿದ್ದೇನೆ.

ಉತ್ತರ: ಗಾಜಿನ ಕೆಲಸದವ

ಇಬ್ಬರ ಮಾತೂ ಸುಳ್ಳಲ್ಲ, ಆದರೆ ಇಬ್ಬರೂ ಬೇರೆ ಬೇರೆ ಅವಧಿಗಳ ಬಗ್ಗೆ ಹೇಳುತ್ತಿದ್ದಾರೆ. ಅಪಘಾತವಾದರೂ ಗಾಜನ್ನು ಹಿಡಿದಿಡುವಷ್ಟು ಬಲ ಅಂಟಿಗೆ ಬರುವ ಹೊತ್ತು ಒಂದು; ಅಂಟು ಒಳಗಿನವರೆಗೂ ಗಟ್ಟಿಯಾಗುವ ಹೊತ್ತು ಇನ್ನೊಂದು. ಮೊದಲನೆಯದು ಅಂಟಿನ ಬಗೆಗೆ ತಕ್ಕಂತೆ ಅರ್ಧ ಗಂಟೆಯಿಂದ ಹಲವು ಗಂಟೆಗಳವರೆಗೆ ಇರಬಹುದು. ಎರಡನೆಯದಕ್ಕೆ ಒಂದು ದಿನವೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ.

ಇಂದಿನ ಕಾರುಗಳಲ್ಲಿ ಮುಂಭಾಗದ ಗಾಜನ್ನು ಚೌಕಟ್ಟಿಗೆ ಹಿಡಿದು ನಿಲ್ಲಿಸುವುದು ಪಾಲಿಯುರೆಥೇನ್ ಅಂಟೇ ಹೊರತು ಸುತ್ತಲೂ ಕಾಣುವ ರಬ್ಬರ್ ಬೀಡಿಂಗ್ ಅಲ್ಲ. ಸಾಮಾನ್ಯವಾಗಿ ಬಳಸುವ ಒಂದೇ ಘಟಕದ ಅಂಟು ಗಾಳಿಯಲ್ಲಿರುವ ತೇವಾಂಶದೊಂದಿಗೆ ವರ್ತಿಸಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ. 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 50 ತೇವಾಂಶ ಇರುವಾಗ ದಿನಕ್ಕೆ 3–4 ಮಿಲಿಮೀಟರ್ ಆಳದವರೆಗೆ ಗಟ್ಟಿಯಾಗುವುದು ವಾಡಿಕೆ. ಮೇಲ್ಮೈ ಮಾತ್ರ ಬಹಳ ಬೇಗ ಪೊರೆಗಟ್ಟುವುದರಿಂದ, ಬೆರಳಿನಿಂದ ಮುಟ್ಟಿ ನೋಡಿ ‘ಒಣಗಿದೆ’ ಎಂದು ತೀರ್ಮಾನಿಸುವುದಕ್ಕೆ ಅರ್ಥವಿಲ್ಲ. ಚಳಿ ಮತ್ತು ಒಣಹವೆಯಲ್ಲಿ ಈ ಕ್ರಿಯೆ ನಿಧಾನವಾಗುತ್ತದೆ. ಎರಡು ಘಟಕಗಳನ್ನು ಬೆರೆಸಿ ಹಾಕುವ ಅಂಟುಗಳು ಹವೆಯನ್ನು ಅಷ್ಟಾಗಿ ನೆಚ್ಚಿಕೊಂಡಿರುವುದಿಲ್ಲ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ಅನೇಕ ಕಾರುಗಳಲ್ಲಿ ಮುಂದಿನ ಸೀಟಿನ ಪ್ರಯಾಣಿಕರ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನಿಂದ ಮೇಲಕ್ಕೆ ಚಿಮ್ಮಿ, ಗಾಜಿಗೆ ಒರಗಿಕೊಂಡು ಪ್ರಯಾಣಿಕರ ಕಡೆಗೆ ಅರಳುತ್ತದೆ. ಗಾಜು ಆ ಕ್ಷಣದಲ್ಲಿ ಕಿತ್ತು ಬಂದರೆ ಏರ್‌ಬ್ಯಾಗಿಗೆ ಆಸರೆಯೇ ಇರುವುದಿಲ್ಲ. ಕಾರು ಮಗುಚಿದಾಗ ಛಾವಣಿ ಕುಸಿಯದಂತೆ ನೆರವಾಗುವುದರಲ್ಲಿಯೂ, ಒಳಗಿರುವವರು ಹೊರಗೆ ಎಸೆಯಲ್ಪಡದಂತೆ ತಡೆಯುವುದರಲ್ಲಿಯೂ ಇದೇ ಗಾಜಿಗೆ ಪಾಲಿದೆ. ಎರಡು ಗಾಜಿನ ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆಯನ್ನು ಬೆಸೆದು ಇದನ್ನು ಮಾಡಿರುವುದು ಒಡೆದರೂ ಚೂರುಗಳು ಚದುರದೆ ಒಂದಾಗಿ ನಿಲ್ಲಲಿ ಎಂದೇ. ಆದರೆ ಅಂಚಿನ ಅಂಟು ಹಿಡಿಯದಿದ್ದರೆ ಆ ಗುಣ ಯಾರನ್ನೂ ಕಾಪಾಡಲಾರದು.

ಹಾಗಾಗಿ ಕೆಲಸದವರನ್ನು ‘ಎಷ್ಟು ಹೊತ್ತು’ ಎಂದಷ್ಟೇ ಕೇಳಬೇಡಿ. ಯಾವ ಅಂಟನ್ನು ಬಳಸುತ್ತಾರೆ, ಅದರ ಬಳಕೆಯ ಅವಧಿ ಮೀರಿಲ್ಲವೇ, ಆ ದಿನದ ಉಷ್ಣತೆ ಮತ್ತು ತೇವಾಂಶಕ್ಕೆ ತಯಾರಕರು ಕೊಟ್ಟಿರುವ ಸುರಕ್ಷಿತ ಅವಧಿ ಎಷ್ಟು ಎಂಬುದನ್ನು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕೆಲವು ಅಂಟುಗಳಿಗೆ ಏರ್‌ಬ್ಯಾಗ್ ಇರುವ ಕಾರಿಗೆ ಹೆಚ್ಚಿನ ಅವಧಿಯನ್ನು ಬೇರೆಯಾಗಿಯೇ ನಮೂದಿಸಿರುತ್ತಾರೆ. ಲೆಕ್ಕವನ್ನು ಗಾಜು ಚೌಕಟ್ಟಿನಲ್ಲಿ ಕುಳಿತ ಕ್ಷಣದಿಂದ ಹಿಡಿಯಬೇಕು.

ಉತ್ತರ: ನೇರನೋಟ

ಕ್ಯಾಮೆರಾದ ವಿಷಯ ಅಂಟಿನಷ್ಟೇ ಮುಖ್ಯ. ಹೊಸ ಗಾಜಿನಲ್ಲಿ ಅದು ಕೂದಲೆಳೆಯಷ್ಟು ಓರೆಯಾಗಿ ಕುಳಿತರೂ ದೂರ ಹೋದಂತೆ ವ್ಯತ್ಯಾಸ ಬೆಳೆಯುತ್ತದೆ: ಒಂದು ಡಿಗ್ರಿಯ ತಪ್ಪು 50 ಮೀಟರ್ ದೂರದಲ್ಲಿ ಸುಮಾರು 87 ಸೆಂಟಿಮೀಟರ್ ಆಗುತ್ತದೆ. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಗೂ ಲೇನ್ ಕಾಯುವ ವ್ಯವಸ್ಥೆಗೂ ಇದು ದೊಡ್ಡ ತಪ್ಪು. ಗಾಜು ಬದಲಿಸಿದ ಮೇಲೆ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾದ ನೋಟವನ್ನು ಅಳೆದು ಸರಿಹೊಂದಿಸುವ ಕೆಲಸ, ಮಾಡಬೇಕೆಂದು ನಿಮ್ಮ ಕಾರಿನ ತಯಾರಕರು ಹೇಳಿದ್ದರೆ ಅದನ್ನು ಮಾಡಿಸಲೇಬೇಕು. ಕೆಲವು ಕಾರುಗಳಲ್ಲಿ ಗುರುತಿನ ಫಲಕಗಳನ್ನು ಮುಂದೆ ನಿಲ್ಲಿಸಿ ಇದನ್ನು ಮಾಡುತ್ತಾರೆ, ಇನ್ನು ಕೆಲವಕ್ಕೆ ಸ್ಪಷ್ಟ ಪಟ್ಟಿಗಳಿರುವ ರಸ್ತೆಯಲ್ಲಿ ನಿಗದಿತ ವೇಗದಲ್ಲಿ ಓಡಿಸಬೇಕಾಗುತ್ತದೆ. ಓಡಿಸುವುದಿದ್ದರೆ ಅಂಟಿನ ಅವಧಿ ಮುಗಿದ ಮೇಲೆಯೇ. ಎಚ್ಚರಿಕೆಯ ದೀಪ ಹೊತ್ತಿಲ್ಲ ಎಂದ ಮಾತ್ರಕ್ಕೆ ಕ್ಯಾಮೆರಾ ಸರಿಯಾಗಿ ನೋಡುತ್ತಿದೆ ಎಂದು ಭಾವಿಸಬೇಡಿ.

ಪ್ರತಿಕ್ರಿಯೆ: ದೂರದಾರಿ

ತುಂಬ ಉಪಕಾರವಾಯಿತು. ವಿಚಾರಿಸಿದಾಗ ಏರ್‌ಬ್ಯಾಗ್ ಇರುವ ಕಾರಿಗೆ ನಾಲ್ಕು ಗಂಟೆ ಎಂದು ಅಂಟಿನ ಮಾಹಿತಿ ಹಾಳೆಯಲ್ಲಿದೆ ಎಂದರು. ಒಂದು ಗಂಟೆಯ ಮಾತನ್ನು ಅವರೇ ಹಿಂತೆಗೆದುಕೊಂಡರು. ಕ್ಯಾಲಿಬ್ರೇಷನ್ ಮರುದಿನ ಮಾಡಿಕೊಡುತ್ತಾರಂತೆ. ಇನ್ನು ಮಳೆ ಮತ್ತು ಗಾಜಿನ ಅಂಚಿಗೆ ಅಂಟಿಸುವ ಟೇಪಿನ ಬಗ್ಗೆ ತಿಳಿದವರು ಹೇಳಬೇಕು.

ಉತ್ತರ: ನಿಧಾನಚಾಲಕ

ಮಳೆಯಿಂದ ಅಂಟಿಗೆ ತೊಂದರೆಯಿಲ್ಲ, ತೇವಾಂಶ ಅದಕ್ಕೆ ಬೇಕಾದದ್ದೇ. ತಪ್ಪಿಸಬೇಕಾದದ್ದು ಒತ್ತಡದ ನೀರು ಮತ್ತು ಯಂತ್ರದ ಬ್ರಷ್ಷುಗಳು. ಎರಡು ದಿನ ಕಾರ್ ವಾಷ್ ಬೇಡ. ಟೇಪ್ ಇರುವುದು ಬೀಡಿಂಗ್ ಜರುಗದಿರಲಿ ಎಂದು. ನೋಡಲು ಚೆನ್ನಾಗಿಲ್ಲವೆಂದು ಕೀಳದೆ ಒಂದು ದಿನ ಹಾಗೆಯೇ ಬಿಡಿ. ಎಲ್ಲ ಕಿಟಕಿಗಳನ್ನೂ ಮುಚ್ಚಿ ಬಾಗಿಲನ್ನು ಧಡಾರನೆ ಹಾಕಿದರೆ ಒಳಗಿನ ಗಾಳಿಯ ಒತ್ತಡ ಹಸಿ ಅಂಟಿನ ಮೇಲೆ ಬೀಳುತ್ತದೆ. ಆದ್ದರಿಂದ ಮೊದಲ ದಿನ ಒಂದು ಕಿಟಕಿಯನ್ನು ಒಂದೆರಡು ಬೆರಳಷ್ಟು ತೆರೆದಿಡಿ, ಮಕ್ಕಳಿಗೂ ಬಾಗಿಲನ್ನು ಮೆಲ್ಲಗೆ ಮುಚ್ಚಲು ಹೇಳಿ. ಹಳ್ಳಕೊಳ್ಳದ ರಸ್ತೆಯಲ್ಲಿ ಕಾರಿನ ಚೌಕಟ್ಟು ತಿರುಚುತ್ತದೆ, ಅಂಥ ದಾರಿಯೂ ಆ ದಿನ ಬೇಡ.

ನಿಮ್ಮ ಪ್ರಯಾಣದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ನಾಲ್ಕು ಗಂಟೆ ಕಳೆದ ಮೇಲೆ ಮನೆಗೆ ಹೋಗುವುದಕ್ಕೆ ಅಡ್ಡಿಯಿಲ್ಲ, ಆದರೆ ಕ್ಯಾಲಿಬ್ರೇಷನ್ ಆಗದ ಕಾರಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ರಾತ್ರಿ ಮಳೆಯಲ್ಲಿ ಹೆದ್ದಾರಿಗೆ ಇಳಿಯಬೇಡಿ. ಪ್ರಯಾಣವನ್ನು ಕ್ಯಾಲಿಬ್ರೇಷನ್ ಮುಗಿಯುವವರೆಗೆ ಮುಂದಕ್ಕೆ ಹಾಕಿ, ಇಲ್ಲವೇ ಬೇರೆ ವಾಹನದಲ್ಲಿ ಹೋಗಿ.

ಉತ್ತರ: ಗಾಜಿನ ಕೆಲಸದವ

ನಿಧಾನಚಾಲಕರ ಸಲಹೆಯನ್ನು ನಾನೂ ಒಪ್ಪುತ್ತೇನೆ. ಹಳೆಯ ಗಾಜನ್ನು ತೆಗೆಯುವಾಗ ಚೌಕಟ್ಟಿನ ಬಣ್ಣ ಕೆರೆದುಹೋದರೆ ಆ ಜಾಗಕ್ಕೆ ಪ್ರೈಮರ್ ಹಚ್ಚಿಸಿ. ಬಿಟ್ಟರೆ ಅಲ್ಲಿಂದಲೇ ತುಕ್ಕು ಹಿಡಿದು ಮುಂದೆ ಅಂಟು ಬಿಡುತ್ತದೆ. ವೈಪರ್ ರಬ್ಬರ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ, ಏಕೆಂದರೆ ಅದರಲ್ಲಿ ಸಿಕ್ಕಿಕೊಂಡ ಮರಳು ಹೊಸ ಗಾಜನ್ನು ಗೀರುತ್ತದೆ. ಗಾಡಿ ತೆಗೆದುಕೊಳ್ಳುವ ಮೊದಲು ಚಾಲಕನ ಸೀಟಿನಲ್ಲಿ ಕುಳಿತು ಎದುರಿನ ಕಂಬವನ್ನೋ ಗೋಡೆಯ ಅಂಚನ್ನೋ ನೋಡುತ್ತ ತಲೆಯನ್ನು ಅತ್ತಿತ್ತ ಆಡಿಸಿ. ಗೆರೆ ಬಳುಕಿದಂತೆ ಕಂಡರೆ ಗಾಜಿನಲ್ಲೇ ದೋಷವಿದೆ.

ಅಂಟು ಪೂರ್ತಿ ಗಟ್ಟಿಯಾದ ಮೇಲೆ ಪೈಪಿನಿಂದ ಮೇಲಂಚಿಗೆ ಮೆಲ್ಲಗೆ ನೀರು ಹರಿಸಿ, ಒಳಗಿನಿಂದ ಮತ್ತೊಬ್ಬರು ನೋಡಲಿ. ತೇವ ಕಂಡರೆ, ಅಥವಾ ವೇಗದಲ್ಲಿ ಮೊದಲಿಲ್ಲದ ಶಿಳ್ಳೆಯ ಸದ್ದು ಕೇಳಿದರೆ, ಅಂಚಿಗೆ ಸಿಲಿಕೋನ್ ಮೆತ್ತಿ ಕಳಿಸಲು ಬಿಡಬೇಡಿ. ಸಿಲಿಕೋನ್ ಸೋರಿಕೆಯನ್ನು ಕೆಲವು ದಿನ ಮರೆಮಾಡಬಹುದು, ಗಾಜನ್ನು ಹಿಡಿದಿಡುವ ಬಲವನ್ನು ಕೊಡುವುದಿಲ್ಲ. ಅಂಟು ಎಲ್ಲಿ ತಪ್ಪಿದೆಯೆಂದು ಹುಡುಕಿ ಸರಿಪಡಿಸಬೇಕು, ಅಗತ್ಯವಾದರೆ ಗಾಜನ್ನು ತೆಗೆದು ಹೊಸದಾಗಿ ಕೂರಿಸಬೇಕು.